ಅವಿರೋಧದ ಪಾಯಸ

ನಮ್ಮ ಅಡುಗೆಕೋಣೆಯ ಗೋಡೆಯ ಮೊಳೆಯೊಂದರಲ್ಲಿ ಉದ್ದ ಹಿಡಿಯ ಹಿತ್ತಾಳೆ ಸೌಟು ತೂಗುತ್ತಿದೆ. ಮನೆಯ ಅಡುಗೆಗೆ ಅದು ಇಳಿದದ್ದನ್ನು ನಾನು ಕಂಡಿಲ್ಲ. ಮೂವರ ಸಾರಿಗೆ ಅದು ತೀರ ದೊಡ್ಡದು. ಒಮ್ಮೆ ಅದ್ದಿ ಎತ್ತಿದರೆ ಪಾತ್ರೆಯಲ್ಲಿ ರಾತ್ರಿಗೆ ಏನೂ ಉಳಿಯದು. ಊರಿನ ಊಟಕ್ಕೆ ಮಾತ್ರ ಮೊಳೆಯಿಂದ ಕೆಳಗಿಳಿಯುವ ಸೌಟು ಅದು. ಮೊನ್ನೆ ಅಮ್ಮ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿ, “ಇನ್ನು ಇದರಿಂದ ಎಂತ ಮಾಡ್ಲಿಕ್ಕುಂಟು? ಯಾರಿಗಾದ್ರೂ ಕೊಡುವನಾ?” ಎಂದು ಕೇಳಿದಳು. ಅಪ್ಪ ಪತ್ರಿಕೆಯಿಂದ ಮುಖ ಎತ್ತಲಿಲ್ಲ. ನನಗೆ ಮಾತ್ರ ಆ ಹೊಳಪು ಕಣ್ಣಿಗೆ ಬಿದ್ದದ್ದೇ ತಡ, ಕಡ್ಲೆಬೇಳೆ ಪಾಯಸದ ವಾಸನೆ ಮೂಗಿಗೆ ಬಂತು; ವಾಸನೆಯ ಬೆನ್ನಿಗೇ ಸಿಟ್ಟು ಬಂತು.

ಬೆಲ್ಲ, ತೆಂಗಿನಹಾಲು, ಏಲಕ್ಕಿ ಸೇರಿದ ಆ ನಿರಪರಾಧಿ ಪಾಯಸದ ಮೇಲೆ ಯಾರಾದರೂ ಸಿಟ್ಟು ಮಾಡಿಕೊಂಡಾರೆಯೇ ಎಂದು ನೀವು ಕೇಳಬಹುದು. ನೀವು ನಮ್ಮ ವಾರ್ಡಿನವರಲ್ಲ, ಅದಕ್ಕೇ ಕೇಳುತ್ತೀರಿ.

ಬೆಳ್ಳಾರೆಯಿಂದ ಸುಳ್ಯದ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಮಣ್ಣಿನ ಮಾರ್ಗದಲ್ಲಿ ಸ್ವಲ್ಪ ಒಳಗೆ ನಡೆದರೆ ನಮ್ಮ ವಾರ್ಡು. ಕೆಳಗೆ ಬೈಲಿನಲ್ಲಿ ತೋಟವಿರುವವರ ಮನೆಗಳು, ಮೇಲೆ ಗುಡ್ಡೆಯಲ್ಲಿ ತೋಟವಿಲ್ಲದವರ ಮನೆಗಳು, ನಡುವೆ ಭಜನಾಮಂದಿರ ಮತ್ತು ಅದರ ತಗಡಿನ ಮಾಡಿನ ಸಭಾಭವನ, ನಮ್ಮವರ ಬಾಯಲ್ಲಿ ‘ಹಾಲು’. ಪಂಚಾಯತಿಗೆ ನಮ್ಮಿಂದ ಒಬ್ಬ ಸದಸ್ಯ ಹೋಗಬೇಕು. ಹೋಗುತ್ತಾನೆ. ಆದರೆ ನನಗೆ ನೆನಪಿರುವ ಮಟ್ಟಿಗೆ ಮೊನ್ನೆ ಮೊನ್ನೆಯ ತನಕ ಆ ಸ್ಥಾನಕ್ಕಾಗಿ ನಮ್ಮಲ್ಲಿ ಯಾರೂ ಓಟು ಹಾಕಿದ್ದಿಲ್ಲ. ಚುನಾವಣೆ ಬಂತೆಂದರೆ ಹಿರಿಯರು ಹಾಲಿನಲ್ಲಿ ಕೂತು ಒಂದು ಹೆಸರನ್ನು ನಿಶ್ಚಯಿಸುತ್ತಾರೆ. ಬೇರೆ ಯಾರಾದರೂ ನಾಮಪತ್ರ ಹಾಕಿದ್ದರೆ ಅವರ ಮನೆಗೆ ಹೋಗಿ, ಕಾಫಿ ಕುಡಿದು, ಬೆನ್ನು ತಟ್ಟಿ, ಹಿಂದೆ ತೆಗೆಸುತ್ತಾರೆ. ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಊರಿಗೆಲ್ಲ ಊಟ, ಊಟದ ಕೊನೆಗೆ ಕಡ್ಲೆಬೇಳೆ ಪಾಯಸ. ಆ ಪಾಯಸಕ್ಕೊಂದು ಕ್ರಮವಿದೆ: ಮೊದಲ ಸೌಟು ಹಿಂದೆ ಸರಿದವರ ಎಲೆಗೆ. ಗೆದ್ದವನಿಗೆ ಎರಡನೆಯದು. ಸೋಲುವ ಮೊದಲೇ ಸೋತವರಿಗೆ ಹೀಗೊಂದು ಗೌರವವನ್ನು ಕಂಡುಹಿಡಿದವರು ಯಾರೋ ನನಗೆ ತಿಳಿಯದು. ಅವರು ತುಂಬಾ ಬುದ್ಧಿವಂತರಾಗಿದ್ದರು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಆ ಸೌಟನ್ನು ಹಿಡಿಯುವವರು ನನ್ನ ಅಪ್ಪ. ಅವರ ಕೈ ಸಮ ಎಂದು ಊರಿನ ಮಾತು. ಮೊದಲ ಎಲೆಗೂ ಕೊನೆಯ ಎಲೆಗೂ ಪಾಯಸ ಒಂದೇ ಅಳತೆಯಲ್ಲಿ ಬೀಳುತ್ತದೆ. ನಿವೃತ್ತಿಯ ತನಕ ಅವರು ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದ್ದು ಪೌರನೀತಿ.

ಸಣ್ಣವಳಿದ್ದಾಗ ‘ಅವಿರೋಧ’ವೂ ಒಂದು ಹಬ್ಬ ಎಂದೇ ನಾನು ತಿಳಿದಿದ್ದೆ. ಚೌತಿ, ದೀಪಾವಳಿಗಳಿಗಾದರೆ ಕ್ಯಾಲೆಂಡರಿನಲ್ಲಿ ದಿನವಿದೆ. ಇದಕ್ಕೆ ದಿನವಿಲ್ಲ, ಬಂದಾಗ ಬರುತ್ತದೆ. ಒಂದು ವರ್ಷ ಬರದೇ ಹೋದಾಗ “ಈ ಸಲ ಅವಿರೋಧ ಯಾವಾಗ?” ಎಂದು ಅಜ್ಜಿಯನ್ನು ಪೀಡಿಸಿದ್ದೆ. “ಯಾರಾದ್ರೂ ಸಾಯ್ಬೇಕು ಮಗಾ, ಇಲ್ಲದಿದ್ರೆ ಐದು ವರ್ಷ ಕಾಯ್ಬೇಕು” ಎಂದಿದ್ದಳು ಅಜ್ಜಿ, ಅಡಿಕೆ ಕುಟ್ಟುತ್ತ. ನಾನು ಭಯಪಟ್ಟು ಒಂದು ವಾರ ಪಾಯಸದ ಆಸೆಯನ್ನು ಬಿಟ್ಟಿದ್ದೆ. ಉಪಚುನಾವಣೆಯ ಕುರಿತು ನಾನು ಕೇಳಿದ ಮೊದಲ ವ್ಯಾಖ್ಯೆ ಅದು. ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ದಪ್ಪ ಪುಸ್ತಕಗಳಲ್ಲಿ ಓದಿದ ಯಾವ ವ್ಯಾಖ್ಯೆಯೂ ಅಷ್ಟು ಚಿಕ್ಕದಾಗಿ, ಅಷ್ಟು ನಿಜವಾಗಿ ಇರಲಿಲ್ಲ.

ಓಟು ಎಂಬುದನ್ನು ನಾನು ಕಂಡದ್ದು ಅಪ್ಪನ ತರಗತಿಯಲ್ಲಿ. ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ, ಬೆಂಚುಗಳ ನಡುವೆ ಅಮ್ಮನ ಸೀರೆ ಕಟ್ಟಿ ಮರೆಮಾಡಿ, ಅವರು ಶಾಲಾನಾಯಕನ ಚುನಾವಣೆ ನಡೆಸುತ್ತಿದ್ದರು. ನಾನೂ ನಿಂತೆ. ಮೇಷ್ಟರ ಮಗಳೆಂಬ ಧೈರ್ಯದಿಂದ ಒಬ್ಬರನ್ನೂ ಓಟು ಕೇಳಲಿಲ್ಲ. ಎಣಿಸಿದಾಗ ನನಗೆ ಬಿದ್ದದ್ದು ಒಂದೇ ಓಟು. ಅದು ಯಾರದ್ದೆಂದು ಇಡೀ ತರಗತಿಗೆ ಗೊತ್ತಾಯಿತು; ಗುಪ್ತ ಮತದಾನದ ಮರ್ಯಾದೆ ಅಲ್ಲಿಗೆ ಮುಗಿಯಿತು. ಅಳುತ್ತ ಮನೆಗೆ ಬಂದವಳಿಗೆ ಅಪ್ಪ ಹೇಳಿದ್ದರು: “ಒಂದೇ ಓಟು ಬಿದ್ದದ್ದು ನಾಚಿಕೆ ಅಲ್ಲ ಮಗಳೇ. ಓಟು ಹಾಕ್ಲಿಕ್ಕೇ ಬಿಡದಿದ್ರೆ ಅದು ನಾಚಿಕೆ.” ಈ ಮಾತನ್ನು ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ. ಮುಂದೆ ಅಪ್ಪನಿಗೇ ಹಿಂತಿರುಗಿಸುವುದಕ್ಕೆ ಬೇಕಾಯಿತು.

ರಾಜ್ಯಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ‘ತಳಮಟ್ಟದ ಸಹಭಾಗಿತ್ವ’ ಎಂಬ ವಿಷಯದ ಮೇಲೆ ನಾನು ಪ್ರಬಂಧ ಮಂಡಿಸಿದೆ. ಬಲು ಚೆನ್ನಾಗಿತ್ತು. ನನಗೇ ಅರ್ಥವಾಗದ ನಾಲ್ಕು ವಾಕ್ಯಗಳಿದ್ದವು, ಅವಕ್ಕೇ ಹೆಚ್ಚು ಚಪ್ಪಾಳೆ ಬಿತ್ತು. ಮುಗಿದ ಮೇಲೆ ಕಡಬದ ಕಡೆಯ ಗೆಳತಿಯೊಬ್ಬಳು, “ನಿಮ್ಮ ವಾರ್ಡಿಗೆ ಕಳೆದ ಸಲ ಯಾರ್ಯಾರು ನಿಂತಿದ್ರು?” ಎಂದು ಸಹಜವಾಗಿ ಕೇಳಿದಳು. ಒಬ್ಬರೇ ಎಂದೆ. “ಹಾಗಾದ್ರೆ ನೀನು ಸಹಭಾಗಿ ಆದದ್ದು ಎಲ್ಲಿ, ಊಟದಲ್ಲಾ?” ಎಂದಳು. ಅವಳ ಕಡೆಯಲ್ಲಿ ಉಪಚುನಾವಣೆಯೊಂದು ಬಂದಾಗ ಎಷ್ಟೋ ವರ್ಷಗಳಿಂದ ಹೊಂಡ ಬಿದ್ದಿದ್ದ ಮಾರ್ಗಕ್ಕೆ ನೋಡನೋಡುತ್ತಲೇ ಡಾಮರು ಬಂದಿತ್ತಂತೆ. ಅಂದಿನಿಂದ ಪಕ್ಕದ ವಾರ್ಡಿನವರು ತಮ್ಮ ಸದಸ್ಯನ ಆರೋಗ್ಯವನ್ನು ವಿಶೇಷ ಕಾಳಜಿಯಿಂದ ವಿಚಾರಿಸುತ್ತಿದ್ದರಂತೆ. ನಕ್ಕೆವು. ಈಗ ಯೋಚಿಸಿದರೆ ಆ ನಗುವಿನೊಳಗೆ ಎಷ್ಟು ಹೊಲಸು ಇದೆ ಎಂದು ಮೈ ಉರಿಯುತ್ತದೆ. ಒಂದು ಮಾರ್ಗಕ್ಕೆ ಒಂದು ಹೆಣ ಎಂಬ ಲೆಕ್ಕವನ್ನು ಜನರಿಗೆ ಕಲಿಸಿದವರು ಯಾರು?

ಪುತ್ತೂರಿನ ಬಸ್‌ನಿಲ್ದಾಣದ ಹತ್ತಿರದ ಹೊಟೇಲಿನಲ್ಲಿ ಬನ್ಸ್ ತಿನ್ನುತ್ತ ಟಿ.ವಿ. ನೋಡಿದವರಿಗೆ ದೊಡ್ಡ ಉಪಚುನಾವಣೆಗಳೂ ಗೊತ್ತು. ಅಲ್ಲಿ ಸ್ಥಾನ ತೆರವಾಗಲು ಯಾರೂ ಸಾಯಬೇಕಾಗಿಲ್ಲ. ಗೆದ್ದವರು ರಾಜೀನಾಮೆ ಕೊಡುತ್ತಾರೆ, ಎಲ್ಲೋ ದೂರದ ರೆಸಾರ್ಟಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾರೆ, ಬೇರೆ ಬಣ್ಣದ ಶಾಲು ಹೊದ್ದು ಅದೇ ಸ್ಥಾನಕ್ಕೆ ಅದೇ ಜನರ ಮುಂದೆ ಅದೇ ಕೈ ಮುಗಿಯುತ್ತಾರೆ. ಹೊಟೇಲಿನ ಗಿರಾಕಿಗಳು ಕ್ರಿಕೆಟ್ ನೋಡುವಂತೆ ನೋಡುತ್ತಾರೆ. “ಏನಾಯ್ತು ಸ್ಕೋರು?” ಎಂದು ಕೇಳುತ್ತ ಒಳಗೆ ಬರುವವರೂ ಇದ್ದಾರೆ. ನಾನು ಆ ಟಿ.ವಿ.ಗೆ ಬೈದು ಬೈದು ನನ್ನ ಊರನ್ನು ಪವಿತ್ರವೆಂದು ಬಗೆದಿದ್ದೆ. ನಮ್ಮಲ್ಲಿ ಗಲಾಟೆಯಿಲ್ಲ, ಹಣವಿಲ್ಲ, ರೆಸಾರ್ಟಿಲ್ಲ. ಇರುವುದು ಪಾಯಸ ಮಾತ್ರ.

ಓದು ಮುಗಿಸಿ ಊರಿಗೆ ಬಂದ ವರ್ಷವೇ ನಮ್ಮ ಸದಸ್ಯ ಪೂವಪ್ಪಣ್ಣ ತೀರಿಹೋದರು. ಒಳ್ಳೆಯವರು. ಯಾರಿಗೂ ಕೇಡು ಮಾಡಿದವರಲ್ಲ. ಹೆಚ್ಚೇನೂ ಮಾಡಿದವರೂ ಅಲ್ಲ. ಅವರ ಉತ್ತರಕ್ರಿಯೆಯ ಊಟ ನಡೆದ ಅದೇ ಹಾಲಿನಲ್ಲಿ, ಅದೇ ಕೊಪ್ಪರಿಗೆಯಲ್ಲಿ, ಅವರ ಸ್ಥಾನದ ಪಾಯಸವೂ ಬೇಯಬೇಕಿತ್ತು. ಹೆಸರು ಆಗಲೇ ನಿಶ್ಚಯವಾಗಿತ್ತು: ದಿನೇಶ. ಊರಿನ ಮುಖ್ಯಸ್ಥ ಕುಶಾಲಪ್ಪಣ್ಣನ ಅಳಿಯ. ಜೆಸಿಬಿ ಮತ್ತು ಪಿಕಪ್ ಇಟ್ಟುಕೊಂಡು ಮಣ್ಣು ಅಗೆಸುವ ಕೆಲಸ ಮಾಡುವವನು.

ಆಗ ಗುಡ್ಡೆಯ ಲೀಲಕ್ಕ ನಾಮಪತ್ರ ಹಾಕಿದಳು.

ಲೀಲಕ್ಕ ನಮ್ಮ ವಾರ್ಡಿನ ಟೈಲರು. ಬೈಲಿನ ಹೆಂಗಸರ ರವಕೆಗಳೆಲ್ಲ ಗುಡ್ಡೆ ಹತ್ತಿ ಅವಳ ಜಗಲಿಗೆ ಹೋಗುತ್ತವೆ. ಅವಳಿಗೆ ಬೇಕಾಗಿದ್ದದ್ದು ಅಧಿಕಾರವಲ್ಲ, ನೀರು. ಗುಡ್ಡೆಯ ನೆತ್ತಿಯಲ್ಲಿ ನೀಲಿ ಬಣ್ಣದ ಟ್ಯಾಂಕೊಂದು ಎಷ್ಟೋ ವರ್ಷಗಳಿಂದ ನಿಂತಿದೆ. ಅದರ ಹೊಟ್ಟೆಯ ಮೇಲೆ ಯೋಜನೆಯ ಹೆಸರಿದೆ, ಉದ್ಘಾಟಿಸಿದವರ ಹೆಸರುಗಳಿವೆ. ಹೊಟ್ಟೆಯೊಳಗೆ ಏನೂ ಇಲ್ಲ. ಕೆಳಗಿನಿಂದ ಹೊರಟ ಪೈಪು ಅರ್ಧ ಗುಡ್ಡೆ ಹತ್ತಿ ದಣಿದು ಮಲಗಿದೆ. ಅದರ ಬಾಯಿಗೆ ಗೋಣಿಯ ತುಂಡು ತುರುಕಿದ್ದಾರೆ. ಮಾರ್ಚ್ ಬಂತೆಂದರೆ ಗುಡ್ಡೆಯ ಮನೆಗಳು ನೀರಿಗೆ ಇಳಿಯಬೇಕಾದದ್ದು ಕುಶಾಲಪ್ಪಣ್ಣನ ಅಂಗಳದ ಬಾವಿಗೆ. ಅವರು ಎಂದೂ ಬೇಡವೆಂದವರಲ್ಲ. ಕೊಡ ಹೊತ್ತವರು ಬಂದರೆ, “ಸೇದಿಕೊಳ್ಳಿ, ಸೇದಿಕೊಳ್ಳಿ, ಗಂಗೆ ಯಾರ ಮನೆಯದ್ದು?” ಎನ್ನುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯನ ಎದುರಿಗೆ ಓಟು ಹಾಕುವುದು ಹೇಗೆ? ಟ್ಯಾಂಕು ಒಣಗಿರುವುದಕ್ಕೂ ನಮ್ಮಲ್ಲಿ ಚುನಾವಣೆ ನಡೆಯದಿರುವುದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದದ್ದು ತಡವಾಗಿ. ಲೀಲಕ್ಕನಿಗೆ ಅದು ಕೊಡ ಹೊತ್ತ ಮೊದಲ ದಿನವೇ ಹೊಳೆದಿರಬೇಕು.

ಆ ಸಲ ಲೀಲಕ್ಕ ಹಿಂದೆ ಸರಿದಳು. ಅವಳ ಜಗಲಿಯಲ್ಲಿ ಕೂತು ಕುಶಾಲಪ್ಪಣ್ಣ ದೇವರ ಮೇಲೆ ಆಣೆ ಹಾಕದಿದ್ದರೂ ಹಾಕಿದಷ್ಟೇ ಗಂಭೀರವಾಗಿ ಹೇಳಿದ್ದರು: “ದಿನೇಶ ಬಂದ್ರೆ ಮೊದಲ ಕೆಲಸ ನಿನ್ನ ಟ್ಯಾಂಕು, ಲೀಲಾ. ನೀರು ಬರ್ತದೆ. ಓಟಿಗೆ ಹೋಗಿ ಊರು ಎರಡು ಮಾಡುದು ಯಾಕೆ?” ಮಧ್ಯಾಹ್ನದ ಊಟದಲ್ಲಿ ಮೊದಲ ಸೌಟು ಅವಳ ಎಲೆಗೆ ಬಿತ್ತು. ಬಡಿಸಿದವರು ನನ್ನ ಅಪ್ಪ. ಎಲ್ಲರೂ ಅವಳನ್ನು ಹೊಗಳಿದರು. ಅವಳು ಪಾಯಸವನ್ನು ಬೆರಳಲ್ಲಿ ಅತ್ತಿತ್ತ ಮಾಡುತ್ತ ಕೂತಿದ್ದಳು.

ಮನೆಗೆ ಬಂದು ಅಪ್ಪನನ್ನು ಕೇಳಿದೆ: “ಓಟು ಹಾಕ್ಲಿಕ್ಕೇ ಬಿಡದಿದ್ರೆ ಅದು ನಾಚಿಕೆ ಹೇಳಿದ್ದು ನೀವೇ ಅಲ್ವಾ? ನೀವು ಶಾಲೆಯಲ್ಲಿ ಪಾಠ ಮಾಡಿದ್ದು ಎಂತ? ಇಲ್ಲಿ ಮಾಡಿದ್ದು ಎಂತ?”

“ಪಾಠ ಪಾಠವೇ ಮಗಳೇ. ಊರಲ್ಲಿ ಬದುಕ್ಲಿಕ್ಕುಂಟಲ್ಲ” ಎಂದರು ಅಪ್ಪ, ಸೌಟನ್ನು ಮೊಳೆಗೆ ಸಿಕ್ಕಿಸುತ್ತ.

ನನ್ನ ಸಿಟ್ಟಿನ ಬಹುಪಾಲು ಹುಟ್ಟಿದ್ದು ಆ ಉತ್ತರದಿಂದ. ಕುಶಾಲಪ್ಪಣ್ಣನಂಥವರ ಮೇಲೆ ಸಿಟ್ಟಾಗುವುದು ಸುಲಭ. ಅವರು ತಮ್ಮ ಲಾಭವನ್ನು ಬಲ್ಲರು, ಅದನ್ನು ಕಾಯುತ್ತಾರೆ. ಆದರೆ ತಿಳಿದವರು, ಕಲಿಸಿದವರು, ಬಿಸ್ಕತ್ತಿನ ಡಬ್ಬಿಗೆ ಸೀಳು ಮಾಡಿದವರು, ಯಾವ ಲಾಭವೂ ಇಲ್ಲದೆ ಸೌಟು ಹಿಡಿದು ನಿಲ್ಲುತ್ತಾರಲ್ಲ, ಅವರನ್ನು ಏನು ಮಾಡೋಣ? ಅವರ ಕೈ ಸಮವಾಗಿದೆ ಎಂಬುದೇ ಈ ವ್ಯವಸ್ಥೆಗೆ ಸಿಗುವ ದೊಡ್ಡ ಪ್ರಮಾಣಪತ್ರ. ಮೇಷ್ಟ್ರೇ ಬಡಿಸುತ್ತಿದ್ದಾರೆಂದರೆ ಅನ್ಯಾಯ ಹೇಗಾದೀತು ಎಂದು ಊರು ನೆಮ್ಮದಿಯಿಂದ ಉಣ್ಣುತ್ತದೆ.

ಎರಡು ಮಳೆಗಾಲ ಕಳೆದವು. ಪೈಪು ಅರ್ಧ ಗುಡ್ಡೆಯಲ್ಲಿಯೇ ಇತ್ತು, ಗೋಣಿಯ ತುಂಡಿನ ಮೇಲೆ ಹುಲ್ಲು ಹುಟ್ಟಿತು. ಆಮೇಲೆ ಒಂದು ದಿನ ದಿನೇಶ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟ ಸುದ್ದಿ ಬಂತು. ಆರೋಗ್ಯ ಚೆನ್ನಾಗಿಯೇ ಇತ್ತು. ಟ್ಯಾಂಕಿನ ಉಳಿದ ಪೈಪಿನ ಕೆಲಸಕ್ಕೆ ಕೊನೆಗೂ ಹಣ ಬಂದಿತ್ತು. ಪಂಚಾಯತಿಯ ಸದಸ್ಯನಾದವನು ಆ ಪಂಚಾಯತಿಯ ಗುತ್ತಿಗೆ ಹಿಡಿಯುವಂತಿಲ್ಲ. ಆದ್ದರಿಂದ ಅವನು ಸದಸ್ಯತ್ವ ಬಿಟ್ಟು ಗುತ್ತಿಗೆ ಹಿಡಿದ. ನಾವು ಅವನನ್ನು ಕಳುಹಿಸಿದ್ದು ನೀರು ತರುವುದಕ್ಕೆ. ಅವನು ನೀರನ್ನು ಬಿಟ್ಟು ಪೈಪನ್ನು ತೆಗೆದುಕೊಂಡ. ಕಾನೂನಿನ ಒಂದು ಅಕ್ಷರವೂ ಮುರಿಯಲಿಲ್ಲ. ತೆರವಾದ ಸ್ಥಾನಕ್ಕೆ ಮತ್ತೆ ಅಧಿಸೂಚನೆ, ಮತ್ತೆ ಅಧಿಕಾರಿ, ಮತ್ತೆ ಸರಕಾರದ ಜೀಪು. ಹಾಲಿನಲ್ಲಿ ನಿಶ್ಚಯವಾದ ಹೆಸರು: ಶ್ವೇತ, ದಿನೇಶನ ಹೆಂಡತಿ, ಕುಶಾಲಪ್ಪಣ್ಣನ ಮಗಳು.

ಉಪಚುನಾವಣೆಯನ್ನು ಜನ ಕಿರಿದೆಂದು ಕಡೆಗಣಿಸುತ್ತಾರೆ. ನನಗೆ ಅದರ ಕಿರಿದುತನದಲ್ಲಿಯೇ ಅದರ ಸತ್ವ ಕಾಣುತ್ತದೆ. ದೊಡ್ಡ ಚುನಾವಣೆಯ ಗದ್ದಲದಲ್ಲಿ ದೇಶ, ಧರ್ಮ, ಗಡಿ ಎಲ್ಲ ಬಂದು ನಮ್ಮ ಜಗಲಿಯಲ್ಲಿ ಕೂರುತ್ತವೆ. ಗುಡ್ಡೆಯ ನಲ್ಲಿಗೆ ಕೂರಲು ಜಾಗವಿಲ್ಲ. ಒಂದೇ ವಾರ್ಡಿನ ಒಂದೇ ಸ್ಥಾನಕ್ಕೆ, ಬೇರೆಲ್ಲೂ ಏನೂ ನಡೆಯದಿರುವಾಗ ನಡೆಯುವ ಚುನಾವಣೆಯಲ್ಲಿ ಮಾತ್ರ ‘ಈ ಪೈಪು ಯಾಕೆ ನಿಂತಿತು, ನಿಲ್ಲಿಸಿದವರು ಯಾರು’ ಎಂದು ಕೇಳುವುದಕ್ಕೆ ಬಿಡುವಿರುತ್ತದೆ. ಕೇಳುವ ಆ ಒಂದು ದಿನವನ್ನೂ ಪಾಯಸದಲ್ಲಿ ಮುಳುಗಿಸಿಬಿಟ್ಟರೆ ಇನ್ನು ಯಾವ ದಿನ ಕೇಳುವುದು?

ಲೀಲಕ್ಕ ಈ ಸಲವೂ ನಾಮಪತ್ರ ಹಾಕಿದಳು. ಸೂಚಕಿಯಾಗಿ ಸಹಿ ಹಾಕಿದವಳು ನಾನು. ಪಂಚಾಯತಿ ಕಚೇರಿಯ ಗೋಡೆಯಲ್ಲಿ ಚಿಹ್ನೆಗಳ ಪಟ್ಟಿ ನೋಡುತ್ತ ನಾನೆಂದೆ: “ಹೊಲಿಗೆ ಮಿಷನ್ ಸಿಕ್ಕಿದ್ರೆ ಲಾಯ್ಕಿತ್ತು ಅಕ್ಕ. ಆದ್ರೆ ಅದು ಈ ಪಟ್ಟಿಯಲ್ಲಿಲ್ಲ. ಕ್ರಿಕೆಟ್ ಬ್ಯಾಟ್ ಉಂಟು.”

“ನಾನು ಬ್ಯಾಟ್ ಹಿಡಿದವಳಾ ಮಾರಾಯ್ತಿ? ನಮ್ಮಲ್ಲಿ ಬಟ್ಟೆ ಒಗಿಲಿಕ್ಕೆ ಒಂದು ಮರದ ಕೊಂತು ಉಂಟು, ಅದೇ.”

“ಕೆಲಸ ಒಂದೇ ಅಲ್ವಾ, ಬಡಿಯುದು.”

“ಹಾಗಾದ್ರೆ ಬ್ಯಾಟೇ ಇರ್ಲಿ” ಎಂದಳು ಲೀಲಕ್ಕ.

ಹಿಂತೆಗೆಯುವ ದಿನ ಬೆಳಿಗ್ಗೆ ಕುಶಾಲಪ್ಪಣ್ಣ ಗುಡ್ಡೆ ಹತ್ತಿದರು. ಏದುಸಿರು ಬಿಡುತ್ತ ಜಗಲಿಯಲ್ಲಿ ಕೂತು ನೀರು ಕೇಳಿದರು. ಲೀಲಕ್ಕ ಒಂದು ಲೋಟ ಕೊಟ್ಟಳು.

“ನಿಮ್ಮದೇ ಬಾವಿದ್ದು” ಎಂದಳು.

“ಗೊತ್ತುಂಟು, ರುಚಿ ಗೊತ್ತಾಗ್ತದೆ” ಎಂದು ನಕ್ಕರು ಅವರು. “ಎಂತ ಲೀಲಾ, ಮೂರು ಗಂಟೆಗೆ ಮುಗೀತದೆ. ಒಂದು ಸಹಿ ಹಾಕಿ ಊಟಕ್ಕೆ ಬಾ.”

“ನಾನು ಹಿಂದೆ ತೆಗಿಯುದಿಲ್ಲ ಅಣ್ಣ.”

“ಕಳೆದ ಸಲವೂ ಹೀಗೇ ಹೇಳಿದ್ದಿ.”

“ಕಳೆದ ಸಲ ನೀವು ನೀರು ಬರ್ತದೆ ಹೇಳಿದ್ರಿ.”

ಕುಶಾಲಪ್ಪಣ್ಣ ಲೋಟವನ್ನು ಕೆಳಗಿಟ್ಟರು. “ನಾಳೆ ಕೊಡ ಹಿಡ್ಕೊಂಡು ಬರುವಾಗ ನನ್ನ ಮುಖ ನೋಡ್ಲಿಕ್ಕಿಲ್ವಾ ನಿನಗೆ?”

“ಮುಖ ನೋಡಿಯೇ ಇಷ್ಟು ವರ್ಷ ಆದದ್ದಲ್ವಾ?” ಎಂದಳು ಲೀಲಕ್ಕ. ಅವಳ ಕಾಲು ಹೊಲಿಗೆ ಮಿಷನ್ನಿನ ಪೆಡಲಿನ ಮೇಲೆ ಒಂದೇ ಲಯದಲ್ಲಿ ಆಡುತ್ತಿತ್ತು.

ಕುಶಾಲಪ್ಪಣ್ಣ ನನ್ನ ಕಡೆ ತಿರುಗಿದರು. “ನೀನು ಕಲಿತದ್ದೆಲ್ಲ ಇಲ್ಲಿಗೆ ತಂದದ್ದಾ ಮಾರಾಯ್ತಿ? ಊರು ಒಡೀತದೆ, ನೋಡು.”

“ಊರು ಒಡೆದೇ ಉಂಟು ಮಾವ. ಮೇಲೆ ಒಂದು, ಕೆಳಗೆ ಒಂದು” ಎಂದೆ. ಅವರಿಗೆ ನಾನು ಮಾವ ಎನ್ನುವುದು ಸಣ್ಣಂದಿನ ರೂಢಿ. ಆ ಹೊತ್ತಿನಲ್ಲಿ ಅದನ್ನು ಬಿಡೋಣವೆಂದರೆ ನಾಲಗೆ ಕೇಳಲಿಲ್ಲ. ಈ ಊರುಗಳಲ್ಲಿ ಪ್ರತಿಭಟನೆಗೂ ನೆಂಟಸ್ತಿಕೆಯ ಪದ ಸೇರಿಸಿಯೇ ಬಾಯಿ ತೆರೆಯಬೇಕು. ಅರ್ಧ ಸಿಟ್ಟು ಅಲ್ಲಿಯೇ ಖರ್ಚಾಗಿಬಿಡುತ್ತದೆ.

“ಊಟಕ್ಕೆ ಬಾ, ಅಲ್ಲಿ ಮಾತಾಡುವ” ಎಂದು ಲೀಲಕ್ಕನಿಗೆ ಹೇಳಿ ಅವರು ಇಳಿದುಹೋದರು. ಅವರು ತಪ್ಪಿದ್ದು ಇಲ್ಲಿಯೇ. ಲೀಲಕ್ಕ ಹೇಳಿದ್ದು ಅವರಿಗೆ ಕೇಳಿಸಿತ್ತು. ನಂಬಿಕೆ ಬರಲಿಲ್ಲ ಅಷ್ಟೆ. ಹಿಂದೆ ತೆಗೆಯುವುದಿಲ್ಲ ಎಂದು ಹೇಳುವುದೂ, ಕೊನೆಗೆ ಮುಖ ತಗ್ಗಿಸಿ ತೆಗೆಯುವುದೂ ಆ ಊಟದ ಕ್ರಮವೇ ಆಗಿತ್ತು, ಉಪ್ಪಿನಕಾಯಿ ಬಂದ ಮೇಲೆ ಪಲ್ಯ ಬರುವ ಹಾಗೆ. ಬೇರೆ ಕ್ರಮವೊಂದನ್ನು ಅವರು ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಆದ್ದರಿಂದ ಹಾಲಿನ ಹಿಂದೆ ಒಲೆ ಹೊತ್ತಿತು, ಕೊಪ್ಪರಿಗೆ ಏರಿತು, ದಿನೇಶನ ಪಿಕಪ್ಪಿನಲ್ಲಿ ಡ್ರಮ್ಮು ಡ್ರಮ್ಮು ನೀರು ಬಂತು, ಮನೆಯ ಮೊಳೆಯಿಂದ ಸೌಟು ಇಳಿಯಿತು.

ಮೂರು ಗಂಟೆಯವರೆಗೆ ಯಾರೂ ಉಣ್ಣಲಿಲ್ಲ. ಮೊದಲ ಸೌಟಿನವರು ಬಾರದೆ ಪಂಕ್ತಿ ಹೇಗೆ ಕೂರುತ್ತದೆ? ಪಂಚಾಯತಿ ಕಚೇರಿಯಲ್ಲಿ ಚುನಾವಣಾಧಿಕಾರಿ ನನ್ನ ಮತ್ತು ಲೀಲಕ್ಕನ ಎದುರಿಗೆ ಗಡಿಯಾರ ನೋಡಿ, ಬ್ಯಾಗು ಮುಚ್ಚಿ, “ಹಾಗಾದರೆ ಮತದಾನ ಉಂಟು” ಎಂದರು. ಅವರ ದನಿಯಲ್ಲಿ ಸಣ್ಣ ಬೇಸರವಿತ್ತು. ಅವರನ್ನೂ ಊಟಕ್ಕೆ ಕರೆದಿದ್ದರು. ಹೊರಗೆ ಬಂದ ಮೇಲೆ ನಾನು ಮನೆಗೆ ಹೋಗುವ ಎಂದೆ.

“ಯಾಕೆ? ಊಟಕ್ಕೆ ಕರ್ದಿದ್ದಾರಲ್ಲ” ಎಂದಳು ಲೀಲಕ್ಕ.

ಹಾಲಿನೊಳಗೆ ಎಲೆ ಹಾಕಿತ್ತು. ಮೊದಲ ಸಾಲಿನ ಮೊದಲ ಎಲೆ ಖಾಲಿ ಇತ್ತು. ಲೀಲಕ್ಕ ನೇರ ಹೋಗಿ ಅದರ ಮುಂದೆ ಕೂತಳು, ಪಕ್ಕದಲ್ಲಿ ನಾನು.

“ಸಹಿ ಹಾಕಿ ಬಂದದ್ದಾ?” ಎಂದರು ಕುಶಾಲಪ್ಪಣ್ಣ.

“ಇಲ್ಲ.”

“ಮತ್ತೆ?”

“ಹಸಿವಾಯ್ತು. ನೀವು ಕರ್ದದ್ದಲ್ವಾ?”

ಅನ್ನ ಬಂತು, ಸಾರು ಬಂತು, ಪಲ್ಯ ಬಂತು. ಅಪ್ಪ ಪಾಯಸದ ಬಕೆಟ್ಟು ಹಿಡಿದು ನಮ್ಮ ಎಲೆಗಳ ಮುಂದೆ ಬಂದು ನಿಂತರು. ಸೌಟನ್ನು ಅದ್ದಿದರು, ಎತ್ತಿದರು. ಎತ್ತಿದ ಸೌಟು ಗಾಳಿಯಲ್ಲಿ ನಿಂತಿತು. ಆ ಸಮವಾದ ಕೈಯಿಂದ ಪಾಯಸದ ಹನಿಗಳು ನೆಲಕ್ಕೆ ಬಿದ್ದವು. ಆಮೇಲೆ ಅಪ್ಪ ಕತ್ತು ತಿರುಗಿಸಿ ಕುಶಾಲಪ್ಪಣ್ಣನ ಮುಖ ನೋಡಿದರು.

ಅಷ್ಟೇ. ಒಂದು ನೋಟ. ಆದರೆ ಅದನ್ನು ನಾನು ಮರೆಯಲಾರೆ. ಒಬ್ಬ ಹೆಂಗಸು ತನ್ನ ಹಕ್ಕನ್ನು ಬಳಸಿದ್ದಕ್ಕೆ ಅವಳಿಗೆ ಪಾಯಸ ಬಡಿಸಬಹುದೇ ಎಂದು ನಲವತ್ತು ಬ್ಯಾಚುಗಳಿಗೆ ಸಂವಿಧಾನ ಕಲಿಸಿದ ಮನುಷ್ಯ ಬಾವಿಯ ಯಜಮಾನನನ್ನು ಕಣ್ಣಲ್ಲಿ ಕೇಳುತ್ತಿದ್ದರು.

“ಪಾಯಸ ಆಮೇಲೆ ಆದ್ರೂ ಆಯ್ತು ಮೇಷ್ಟ್ರೇ” ಎಂದಳು ಲೀಲಕ್ಕ. “ಎಲೆ ಹಾಕಿದ ಮೇಲೆ ಮೊದಲು ಬರುದು ನೀರಲ್ವಾ? ನನ್ನ ಲೋಟಕ್ಕೆ ಇನ್ನೂ ಬರ್ಲಿಲ್ಲ.”

ನಿಜವಾಗಿಯೂ ಬಂದಿರಲಿಲ್ಲ. ಸಾಲಿನ ತುಂಬ ಲೋಟಗಳು ತುಂಬಿದ್ದವು, ಅವಳದ್ದೊಂದು ಬಿಟ್ಟು. ಬೇಕೆಂದೇ ಬಿಟ್ಟರೋ, ಮರೆತರೋ ಹೇಳಲಾರೆ. ಯಾರೂ ನೀರು ತರಲಿಲ್ಲ. ಲೀಲಕ್ಕ ಸಾವಕಾಶವಾಗಿ ಅನ್ನ ಮುಗಿಸಿದಳು, ಎಲೆಯನ್ನು ಎದುರು ದಿಕ್ಕಿಗೆ, ಸಾವಿನ ಊಟದಲ್ಲಿ ಮಡಚುವಂತೆ ಮಡಚಿ ಎದ್ದಳು. ಪಾಯಸ ಅಂದು ಯಾರ ಎಲೆಗೂ ಬೀಳಲಿಲ್ಲ. ಕೊಪ್ಪರಿಗೆಯಲ್ಲಿದ್ದದ್ದನ್ನು ಸಂಜೆ ಮನೆಮನೆಗೆ ತೂಕುಪಾತ್ರೆಗಳಲ್ಲಿ ಹಂಚಿದರಂತೆ. ನಮ್ಮ ಮನೆಗೂ ಒಂದು ತೂಕು ಬಂತು. ಅಪ್ಪ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಅಮ್ಮ ಮಾತ್ರ, “ಬೇಳೆ ಎಂತ ತಪ್ಪು ಮಾಡಿದೆ?” ಎನ್ನುತ್ತ ತಿಂದಳು.

ಮರುದಿನದಿಂದ ಕುಶಾಲಪ್ಪಣ್ಣನ ಬಾವಿಯ ರಾಟೆ ಕಾಣಲಿಲ್ಲ. ರಿಪೇರಿಗೆ ಹೋಗಿದೆ ಎಂದರು. ಗುಡ್ಡೆಯವರು ಮತದಾನದ ದಿನದವರೆಗೂ ಕೊಡ ಹೊತ್ತು ಮಾರ್ಗದಾಚೆಯ ತೋಡಿಗೆ ಹೋದರು. ಯಾರೂ ಲೀಲಕ್ಕನನ್ನು ದೂರಲಿಲ್ಲ ಎಂದು ಬರೆಯುವ ಆಸೆ ನನಗಿದೆ; ಅದು ಸುಳ್ಳಾಗುತ್ತದೆ. ಪಕ್ಕದ ಮನೆಯವರೇ ಅವಳೊಡನೆ ಮಾತು ಬಿಟ್ಟಿದ್ದರು.

ಮತದಾನ ನಮ್ಮ ಹಳೆಯ ಶಾಲೆಯಲ್ಲಿ ನಡೆಯಿತು. ದೊಡ್ಡ ಚುನಾವಣೆಗಳಲ್ಲಿ ಎಷ್ಟೋ ಸಲ ಓಟು ಹಾಕಿದವರೂ ಅಂದು ಹೊಸಬರಂತೆ ಸಂಕೋಚಪಡುತ್ತಿದ್ದರು. ತಮಗೆ ಗೊತ್ತಿರುವ ಇಬ್ಬರಲ್ಲಿ ಒಬ್ಬರನ್ನು ಆರಿಸುವುದು ಅವರಿಗೆ ಹೊಸದಾಗಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದರು. ಅವರು ಯಾರಿಗೆ ಹಾಕಿದರೆಂದು ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲವೆಂದು ಕಲಿಸಿದವರು ಅವರೇ.

ಲೀಲಕ್ಕ ಸೋತಳು. ತೀರ ಸಣ್ಣ ಅಂತರದಲ್ಲಿ ಅಲ್ಲ, ನಾಚಿಕೆಪಡುವಂಥ ಅಂತರದಲ್ಲಿಯೂ ಅಲ್ಲ. ಶ್ವೇತ ಗೆದ್ದಳು, ಪಟಾಕಿ ಹೊಡೆಸಿದವನು ದಿನೇಶ, ಹಾರ ಹಾಕಿಸಿಕೊಂಡವರು ಕುಶಾಲಪ್ಪಣ್ಣ. ರಾಟೆ ರಿಪೇರಿಯಾಗಿ ಬಂತು.

ಕೆಲವು ದಿನಗಳ ಮೇಲೆ ನಾನು ಲೀಲಕ್ಕನ ಜಗಲಿಯಲ್ಲಿ ಕೂತಿದ್ದಾಗ ಶ್ವೇತ ರವಕೆಯ ಬಟ್ಟೆ ಹಿಡಿದು ಗುಡ್ಡೆ ಹತ್ತಿ ಬಂದಳು. ಪ್ರಮಾಣವಚನದ ದಿನಕ್ಕೆ ಬೇಕಿತ್ತಂತೆ. ಲೀಲಕ್ಕ ಟೇಪು ತೆಗೆದು ಅಳತೆಗೆ ನಿಂತಳು. ಬೆನ್ನಿನ ಅಳತೆ ಆಗುತ್ತಿರುವಾಗ, ಮುಖ ಕಾಣದ ಆ ಹೊತ್ತಿನಲ್ಲಿ, ಶ್ವೇತ ಹೇಳಿದಳು: “ಅಕ್ಕ, ನನ್ನ ಹತ್ರ ಯಾರೂ ಕೇಳ್ಲಿಲ್ಲ. ಫಾರ್ಮಿಗೆ ಸಹಿ ಹಾಕು ಹೇಳಿದ್ರು, ಹಾಕಿದೆ.” ಆಮೇಲೆ, “ಓಟು ನಾನು ನಿಮಗೇ ಹಾಕಿದ್ದು” ಎಂದಳು.

ಟೇಪು ಅವಳ ಭುಜದ ಮೇಲೆ ನಿಂತಿತು. ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದು ಲೀಲಕ್ಕ ಹೇಳಿದಳು: “ಅದನ್ನು ನನ್ನ ಹತ್ರ ಹೇಳಿ ಎಂತ ಮಾಡುದು ಮಗಾ? ನಾನು ಸೋತು ಆಯ್ತು. ಹೇಳುದಾದ್ರೆ ಅಲ್ಲಿ ಹೇಳು.”

ಕಳೆದ ತಿಂಗಳು ಅದೇ ಹಾಲಿನಲ್ಲಿ ವಾರ್ಡು ಸಭೆ ನಡೆಯಿತು. ನೀರಿನ ವಿಷಯ ಬಂದಾಗ ದಿನೇಶ ಎದ್ದು, ಪೈಪಿನ ಕೆಲಸ ಮುಗಿದಂತೆಯೇ, ಬಿಲ್ಲು ಪಾಸಾದರೆ ಉಳಿದದ್ದೂ ಆಗುತ್ತದೆ ಎಂದ. ಗುಡ್ಡೆಯಲ್ಲಿ ನೀರು ಬಂದಿದೆಯೇ ಎಂದು ನಾನು ಕೇಳಿದೆ. ಎಲ್ಲದಕ್ಕೂ ಸಮಯ ಬೇಕು ಎಂದರು ಕುಶಾಲಪ್ಪಣ್ಣ. ಆಗ ವೇದಿಕೆಯಲ್ಲಿ ಕೂತಿದ್ದ ಶ್ವೇತ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೊಸ ರವಕೆ ಅವಳಿಗೆ ಚೆನ್ನಾಗಿ ಕೂತಿತ್ತು.

“ನೀರು ಬರುವವರೆಗೆ ಆ ಬಿಲ್ಲಿಗೆ ನಾನು ಒಪ್ಪುದಿಲ್ಲ” ಎಂದಳು. ಹಾಲಿನಲ್ಲಿ ಯಾರೋ ನಕ್ಕರು. ಗಂಡಹೆಂಡಿರ ಜಗಳವೆಂದು ತಿಳಿದಿರಬೇಕು. ಅವಳು ಮೈಕನ್ನು ಬಿಡಲಿಲ್ಲ. “ನಾನು ನನಗೆ ಓಟು ಹಾಕ್ಲಿಲ್ಲ. ಲೀಲಕ್ಕನಿಗೆ ಹಾಕಿದ್ದು. ಯಾಕೆ ಹೇಳಿದ್ರೆ, ನೀರು ಕೇಳಿದ್ದು ಅವರು ಮಾತ್ರ.”

ಬಿಸ್ಕತ್ತಿನ ಡಬ್ಬಿಯ ಚುನಾವಣೆಯಲ್ಲಿ ನನಗಾದರೂ ನನ್ನದೊಂದು ಓಟು ಬಿದ್ದಿತ್ತು. ನಮ್ಮ ವಾರ್ಡಿನ ಸದಸ್ಯೆಗೆ ಅದೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ತಲೆ ತಗ್ಗಿಸಿದ್ದನ್ನು ನೋಡಿದೆ. ಕುಶಾಲಪ್ಪಣ್ಣ ಎದ್ದು, “ಮೈಕ್ ಸರಿ ಇಲ್ಲ, ಎಂತ ಹೇಳಿದ್ದು ಕೇಳ್ಲಿಲ್ಲ. ಮುಂದಿನ ವಿಷಯ” ಎಂದರು. ಮೈಕು ಸರಿಯಾಗಿತ್ತು. ಗುಡ್ಡೆಯ ಮನೆಗಳವರೆಗೂ ಕೇಳಿಸಿತ್ತು. ಮುಂದಿನ ವಿಷಯ ದಾರಿದೀಪಗಳದ್ದು. ಅದರ ಚರ್ಚೆ ಬಹಳ ಹೊತ್ತು ನಡೆಯಿತು.

ಪೈಪು ಇಂದಿಗೂ ಅರ್ಧ ಗುಡ್ಡೆಯಲ್ಲಿದೆ. ಮೊನ್ನೆ ಸೌಟನ್ನು ತಿಕ್ಕಿಟ್ಟು ಯಾರಿಗಾದರೂ ಕೊಡೋಣವೇ ಎಂದು ಅಮ್ಮ ಕೇಳಿದಳೆಂದೆನಲ್ಲ, ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಪತ್ರಿಕೆಯನ್ನು ಮಡಚಿ, ನನ್ನ ಕಡೆ ನೋಡದೆ, “ಆ ದಿನ ಶ್ವೇತ ಹೇಳಿದ್ದನ್ನು ಸಭೆಯಲ್ಲಿ ಯಾರಾದ್ರೂ ಬರ್ಕೊಂಡದ್ದುಂಟಾ?” ಎಂದು ಕೇಳಿದರು.

ಇಲ್ಲ ಎಂದೆ.

“ಹಾಗಾದ್ರೆ ನೀನು ಬರಿ” ಎಂದರು.

ಬರೆದಿದ್ದೇನೆ. ಮೈಕು ಸರಿಯಾಗಿತ್ತು.